ಆರ್‌ಎಕ್ಸ್-8 ಗಾಡಿಯನ್ನು ಎರಡು ಮೀಟರ್ ಸರಿಸುವ ಮೊದಲು

ಬೆಳಗ್ಗೆ ಆರೂವರೆಗೆ ಫೋನ್ ಬಂತು. ಮುಂಬಯಿಯ ಮುಲುಂಡಿನ ಹುಡುಗ, ಕುಂದಾಪುರ ಕಡೆಯ ಹೋಟೆಲಿನವರ ಮಗ. "ಅಣ್ಣಾ, ಗಾಡಿ ಸ್ಟಾರ್ಟೇ ಆಗ್ತಾ ಇಲ್ಲ. ಸೆಲ್ಫ್ ತಿರುಗ್ತದೆ, ಎಂಜಿನ್ ಹಿಡಿಯುದಿಲ್ಲ." ನಾನು ಕೇಳಿದ್ದು ಒಂದೇ: "ನಿನ್ನೆ ರಾತ್ರಿ ಗಾಡಿ ಸರಿಸಿದ್ಯಾ?" ಸ್ವಲ್ಪ ಹೊತ್ತು ಅತ್ತ ಕಡೆ ಸದ್ದಿಲ್ಲ. ಆಮೇಲೆ ಹೇಳಿದ: "ಹೌದಣ್ಣಾ. ಸೊಸೈಟಿಗೆ ನೀರಿನ ಟ್ಯಾಂಕರ್ ಬಂದಿತ್ತು. ವಾಚ್‌ಮನ್ ಕರೆದ. ಎರಡು ಮೀಟರ್ ಹಿಂದೆ ತೆಗೆದು ಆಫ್ ಮಾಡಿದೆ, ಅಷ್ಟೆ."

ಆ ಎರಡು ಮೀಟರೇ ಸಾಕಾಯಿತು.

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹನ್ನೊಂದು ವರ್ಷ ಜಪಾನಿ ಗಾಡಿಗಳ ಗ್ಯಾರೇಜಿನಲ್ಲಿ ದುಡಿದು, ಈಗ ಮುಂಬಯಿಯ ಸಾಕಿನಾಕಾದಲ್ಲಿ ಸ್ವಂತದ್ದೊಂದು ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದೇನೆ. ಮಜ್ದಾ ಕಂಪನಿಯ ಆರ್‌ಎಕ್ಸ್-8 ಸ್ಪೋರ್ಟ್ಸ್ ಕಾರು ಅಲ್ಲಿ ವಾರಕ್ಕೆ ಎರಡು ಮೂರು ಬರುತ್ತಿದ್ದವು. ಮುಂಬಯಿಯಲ್ಲಿ ಬೆರಳೆಣಿಕೆಯಷ್ಟಿವೆ. ಮಜ್ದಾ ಕಂಪನಿ ಭಾರತದಲ್ಲಿ ಕಾರು ಮಾರುವುದಿಲ್ಲ, ಇಲ್ಲಿರುವುದೆಲ್ಲ ಹೊರಗಿನಿಂದ ತರಿಸಿದವು. ಹಾಗಾಗಿ ಕೈಹಿಡಿದು ಹೇಳಿಕೊಡುವ ಷೋರೂಮು ಇಲ್ಲ, ಕೆಲಸ ಗೊತ್ತಿರುವ ಮೆಕ್ಯಾನಿಕ್ ಸಿಗುವುದೂ ಅಪರೂಪ. ಗಾಡಿ ಇರುವವರು, ಕೊಳ್ಳಬೇಕೆಂದಿರುವವರು, ಗಲ್ಫಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಓಡಿಸುತ್ತಿರುವ ನಮ್ಮೂರ ಹುಡುಗರು, ಎಲ್ಲರೂ ಕೇಳುವ ಪ್ರಶ್ನೆಗಳು ಒಂದೇ. ಅದಕ್ಕೇ ಬರೆಯಲು ಕೂತೆ.

ನಾನು ಬಿಚ್ಚಿ ನೋಡಿದ ಎಂಜಿನ್‌ಗಳಲ್ಲಿ ಜೋರಾಗಿ ಓಡಿಸಿ ಹಾಳಾದವು ಕಡಿಮೆ. ತಣ್ಣಗಿದ್ದಾಗ ಎಬ್ಬಿಸಿ ಬಿಸಿಯಾಗುವ ಮೊದಲೇ ಆಫ್ ಮಾಡಿದ್ದು, ಆಯಿಲ್ ನೋಡದೇ ಬಿಟ್ಟಿದ್ದು, ಸೋತ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವುದು) ಇಟ್ಟುಕೊಂಡೇ ತಿಂಗಳುಗಟ್ಟಲೆ ಓಡಿಸಿದ್ದು, ಇವೇ ಹೆಚ್ಚು.

ಒಳಗೆ ಏನಿದೆ

ಮಾಮೂಲಿ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಹೋಗುತ್ತದೆ. ಇದರಲ್ಲಿ ಪಿಸ್ಟನ್ನೂ ಇಲ್ಲ, ವಾಲ್ವೂ ಇಲ್ಲ. ಮನೆಯ ಒರಳುಕಲ್ಲನ್ನು ನೆನಪಿಸಿಕೊಳ್ಳಿ. ಗುಂಡು ತನ್ನಷ್ಟಕ್ಕೆ ತಿರುಗುತ್ತಲೇ ಒರಳಿನ ಗೋಡೆಗೆ ಒತ್ತಿಕೊಂಡು ಸುತ್ತು ಬರುತ್ತದೆ. ಇಲ್ಲಿ ಗುಂಡಿನ ಜಾಗದಲ್ಲಿ ಮೂರು ಮೂಲೆಯ ರೋಟರ್, ಒರಳಿನ ಜಾಗದಲ್ಲಿ ನಡು ಸ್ವಲ್ಪ ಒಳಸರಿದ ಅಂಡಾಕಾರದ ಹೌಸಿಂಗ್. ರೋಟರಿನ ಒಂದೊಂದು ಮೂಲೆಯಲ್ಲೂ ಒಂದು ತೆಳು ಲೋಹದ ಪಟ್ಟಿ ಇದೆ, ಅಪೆಕ್ಸ್ ಸೀಲ್. ಅದು ಗೋಡೆಯನ್ನು ಸದಾ ಉಜ್ಜಿಕೊಂಡೇ ಇರಬೇಕು. ಅಲ್ಲಿ ಎಣ್ಣೆಯ ತೆಳು ಪದರ ಇದ್ದರೆ ಗಾಳಿ ಸೋರದೆ ನಿಲ್ಲುತ್ತದೆ, ಕಂಪ್ರೆಶನ್ (ಒಳಗಿನ ಒತ್ತಡ) ಬರುತ್ತದೆ. ಪದರ ತೊಳೆದುಹೋದರೆ ಇಲ್ಲ.

ಜರ್ಮನಿಯ ಫೆಲಿಕ್ಸ್ ವಾಂಕೆಲ್ ಯೋಚಿಸಿದ ಎಂಜಿನ್ ಇದು. ಹಿರೋಷಿಮಾದ ಮಜ್ದಾ ಅದರ ಹಕ್ಕು ಪಡೆದು, ಕೆನಿಚಿ ಯಮಾಮೊಟೊ ಎಂಬ ಎಂಜಿನಿಯರ್ ಕೈಕೆಳಗೆ 47 ಜನರ ತಂಡ ಕಟ್ಟಿತು. ಅವರಿಗೆ ಎದುರಾದ ದೊಡ್ಡ ಕಷ್ಟವೂ ಈ ಸೀಲಿನದ್ದೇ. ಸೀಲು ನಡುಗಿ ಹೌಸಿಂಗಿನ ಗೋಡೆಯ ಮೇಲೆ ಗೀರು ಬೀಳುತ್ತಿತ್ತು, ಅದಕ್ಕೆ ಅವರು ದೆವ್ವದ ಉಗುರಿನ ಗುರುತು ಎಂದು ಹೆಸರಿಟ್ಟಿದ್ದರು. ಅದನ್ನು ಗೆದ್ದು 1967ರಲ್ಲಿ ಕಾಸ್ಮೊ ಸ್ಪೋರ್ಟ್ ತಂದರು, 1991ರಲ್ಲಿ 787ಬಿ ಗಾಡಿಯಲ್ಲಿ ಲ ಮಾನ್ 24 ಗಂಟೆಯ ರೇಸ್ ಗೆದ್ದರು. ಆರ್‌ಎಕ್ಸ್-8 ಬಂದದ್ದು 2003ರಲ್ಲಿ, ತಯಾರಿಕೆ ನಿಂತದ್ದು 2012ರಲ್ಲಿ. ಅದರ ಎಂಜಿನ್ನಿನ ಹೆಸರು ರೆನೆಸಿಸ್. ಎರಡು ರೋಟರ್, ತಲಾ 654 ಸಿಸಿ, ಒಟ್ಟು 1308 ಸಿಸಿ. ಇಷ್ಟರಲ್ಲೇ, ಟರ್ಬೊ ಇಲ್ಲದೆ, ಜಪಾನಿನ ಆರು ಗೇರಿನ ಮಾಡೆಲ್ 250 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಕೊಡುತ್ತಿತ್ತು, ಅದೂ 8500 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 8500 ಸುತ್ತಿನಲ್ಲಿ. ಮೀಟರಿನ ಕೆಂಪು ಗೆರೆ 9000ಕ್ಕೆ. ಆ ಅಂಕಿ ರೋಟರ್ ತಿರುಗಿಸುವ ಶಾಫ್ಟಿನದ್ದು. ಶಾಫ್ಟ್ ಮೂರು ಸುತ್ತು ಬಂದರೆ ರೋಟರ್ ಒಂದು ಸುತ್ತು, ಅಂದರೆ ರೋಟರ್ ತಿರುಗುವುದು ನಿಮಿಷಕ್ಕೆ 3000 ಸಲ ಮಾತ್ರ. ಅಷ್ಟು ಮೇಲಿನ ಆರ್‌ಪಿಎಂನಲ್ಲೂ ಈ ಎಂಜಿನ್ ಅಲುಗಾಡದೆ ಹಾಡುವುದು ಇದರಿಂದ, ಮೇಲೆ ಕೆಳಗೆ ಬಡಿಯುವ ಪಿಸ್ಟನ್ ಇಲ್ಲದ್ದರಿಂದ. ಮೊದಲ ಸಲ ಕೇಳಿದಾಗ ನಾನು ಸ್ಪ್ಯಾನರ್ ಕೆಳಗಿಟ್ಟು ನಿಂತುಬಿಟ್ಟಿದ್ದೆ.

ಸರಿಸುವುದಿದ್ದರೆ ತಳ್ಳಿ

ತಣ್ಣಗಿರುವ ಎಂಜಿನ್ ಹಿಡಿಯಲಿ ಎಂದು ಕಂಪ್ಯೂಟರ್ ಮೊದಲ ಕೆಲವು ನಿಮಿಷ ಪೆಟ್ರೋಲನ್ನು ಜಾಸ್ತಿ ಬಿಡುತ್ತದೆ. ಆಗಲೇ ಆಫ್ ಮಾಡಿದರೆ ಉರಿಯದೇ ಉಳಿದ ಪೆಟ್ರೋಲ್ ಒಳಗೆ ನಿಲ್ಲುತ್ತದೆ, ಕಿಡಿ ಹಾರಿಸುವ ಪ್ಲಗ್ಗು ಒದ್ದೆಯಾಗುತ್ತದೆ, ಗೋಡೆಯ ಎಣ್ಣೆ ತೊಳೆದುಹೋಗುತ್ತದೆ. ಮರುದಿನ ಸೆಲ್ಫ್ ಹೊಡೆದರೆ ಕಿಡಿಯೂ ಇಲ್ಲ, ಕಂಪ್ರೆಶನ್ನೂ ಇಲ್ಲ. ಇದಕ್ಕೇ ಫ್ಲಡ್ ಆಗುವುದು ಅನ್ನುವುದು.

ಮುಂಬಯಿಯಲ್ಲಿ ಈ ಗಾಡಿಗೆ ದೊಡ್ಡ ಶತ್ರು ನಮ್ಮ ಸೊಸೈಟಿ ಪಾರ್ಕಿಂಗ್. ಒಂದರ ಹಿಂದೆ ಒಂದು ನಿಲ್ಲಿಸಿರುತ್ತಾರೆ, ರಾತ್ರಿ ಹನ್ನೊಂದಕ್ಕೆ ಇಂಟರ್‌ಕಾಮ್ ಹೊಡೆದುಕೊಳ್ಳುತ್ತದೆ, ಲುಂಗಿಯಲ್ಲೇ ಇಳಿದು ಹೋಗಿ ಗಾಡಿ ಸರಿಸಿ ಬರುತ್ತೇವೆ. ಬೇರೆ ಕಾರಿಗೆ ಇದರಿಂದ ಏನೂ ಆಗುವುದಿಲ್ಲ. ಆರ್‌ಎಕ್ಸ್-8ಗೆ ಹಾಗೆ ಮಾಡಬೇಡಿ. ಎರಡು ಮೀಟರ್ ಸರಿಸಬೇಕಿದ್ದರೆ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ವಾಚ್‌ಮನ್‌ನನ್ನು ಸೇರಿಸಿಕೊಂಡು ತಳ್ಳಿ. ತೂಕ ಸುಮಾರು 1300 ಕೆಜಿ, ಸಮ ನೆಲದಲ್ಲಿ ಇಬ್ಬರು ಸಾಕು. ಇಳಿಜಾರಿದ್ದರೆ ಮಾತ್ರ ಒಬ್ಬರು ಒಳಗೆ ಕೂತು ಬ್ರೇಕಿನ ಮೇಲೆ ಕಾಲಿಟ್ಟಿರಿ. ಎಂಜಿನ್ ಆಫ್ ಇದ್ದಾಗ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ, ಜೋರಾಗಿ ಒತ್ತಬೇಕು.

ಸ್ಟಾರ್ಟ್ ಮಾಡಲೇಬೇಕಾಯಿತು ಅನ್ನಿ. ಹಾಗಾದರೆ ಟೆಂಪರೇಚರ್ ಮುಳ್ಳು ನಡುವಿಗೆ ಬರುವವರೆಗೆ ಬಿಡಿ, ಹತ್ತು ನಿಮಿಷವಾದರೂ ಸರಿ. ಅಕ್ಕಪಕ್ಕದವರು ಬೈಯಬಹುದು. ಬೈಸಿಕೊಳ್ಳಿ. ಇಲ್ಲವಾದರೆ ಒಂದು ಸುತ್ತು ಹೋಗಿಬನ್ನಿ.

ಆಗಲೇ ಫ್ಲಡ್ ಆಗಿದ್ದರೆ

ಸುಮ್ಮನೆ ಸೆಲ್ಫ್ ಹೊಡೆಯುತ್ತಾ ಹೋದರೆ ಇನ್ನಷ್ಟು ಪೆಟ್ರೋಲ್ ಒಳಗೆ ಹೋಗುತ್ತದೆ. ಮೊದಲು ಬ್ಯಾಟರಿ ತುಂಬಿದೆಯೇ ನೋಡಿ, ಅನುಮಾನವಿದ್ದರೆ ಇನ್ನೊಂದು ಗಾಡಿಯಿಂದ ಜಂಪರ್ ಕೇಬಲ್ ಹಾಕಿ. ನಿಧಾನವಾಗಿ ತಿರುಗುವ ಸೆಲ್ಫಿನಿಂದ ಈ ಎಂಜಿನ್ ಹಿಡಿಯುವುದಿಲ್ಲ. ಆಮೇಲೆ ಕ್ಲಚ್ ಒತ್ತಿ, ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟುವ ತನಕ ತುಳಿದು ಹಿಡಿಯಿರಿ. ಹಾಗೆ ಹಿಡಿದು ಸೆಲ್ಫ್ ಹೊಡೆದಾಗ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿಬಿಡುತ್ತದೆ, ಒಳಗೆ ಗಾಳಿ ಮಾತ್ರ ಹೋಗುತ್ತದೆ. ಎಂಟು ಹತ್ತು ಸೆಕೆಂಡು ತಿರುಗಿಸಿ, ಸೆಲ್ಫ್ ಮೋಟರ್ ತಣಿಯಲು ಒಂದೆರಡು ನಿಮಿಷ ಬಿಡಿ. ಮೂರು ನಾಲ್ಕು ಸಲ ಹೀಗೆ ಮಾಡಿ, ಕಾಲು ತೆಗೆದು ಮಾಮೂಲಿಯಂತೆ ಸ್ಟಾರ್ಟ್ ಮಾಡಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಎದ್ದುಬಿಡುತ್ತದೆ.

ಮುಲುಂಡಿನ ಗಾಡಿ ಎದ್ದಿರಲಿಲ್ಲ. ನಾನು ಹೋಗುವಷ್ಟರಲ್ಲಿ ಹುಡುಗ ಅರ್ಧ ಗಂಟೆ ಸೆಲ್ಫ್ ಹೊಡೆದಿದ್ದ. ಅಂಥ ಹೊತ್ತಿನಲ್ಲಿ ಪ್ಲಗ್ಗು ಬಿಚ್ಚಲೇಬೇಕು. ಅವು ಎಂಜಿನ್ನಿನ ಎಡಬದಿಗಿವೆ, ಎಡ ಮುಂದಿನ ಚಕ್ರ ಬಿಚ್ಚಿದರೆ ಕೈ ಸಲೀಸಾಗಿ ಹೋಗುತ್ತದೆ. ಜಾಕಿನ ಮೇಲೆ ನಂಬಿಕೆ ಬೇಡ, ಸ್ಟ್ಯಾಂಡ್ ಇಡಿ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆಯಿರಿ, ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿ. ನಾಲ್ಕೂ ಪ್ಲಗ್ಗು ತೆಗೆದು ಸೆಲ್ಫ್ ಹೊಡೆದರೆ ಆ ತೂತುಗಳಿಂದ ಪೆಟ್ರೋಲ್ ಪಿಚಕಾರಿಯ ಹಾಗೆ ಹಾರುತ್ತದೆ. ಹತ್ತಿರ ಬೀಡಿ, ಬಲ್ಬು, ಮೊಬೈಲ್ ಚಾರ್ಜರ್ ಯಾವುದೂ ಇರಬಾರದು, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಬೇಸ್‌ಮೆಂಟಿನಲ್ಲಿ ಈ ಕೆಲಸ ಬೇಡವೇ ಬೇಡ, ಗಾಡಿಯನ್ನು ಬಯಲಿಗೆ ತಳ್ಳಿಸಿಕೊಂಡೇ ಕೈ ಹಾಕಿ.

ಒಣಗಿದ ಮೇಲೆ ಕೆಳಗಿನ ಪ್ಲಗ್ಗಿನ ತೂತಿನಿಂದ ಒಂದೊಂದು ರೋಟರಿಗೂ ಐದರಿಂದ ಹತ್ತು ಎಂಎಲ್ ಎಂಜಿನ್ ಆಯಿಲನ್ನು ಸಿರಿಂಜಿನಲ್ಲಿ ಬಿಡಿ. ಸೆಲ್ಫನ್ನು ಒಂದೆರಡು ಸೆಕೆಂಡು ತಿರುಗಿಸಿದರೆ ಎಣ್ಣೆ ಗೋಡೆಗೆ ಹಚ್ಚಿಕೊಳ್ಳುತ್ತದೆ, ಕಳೆದುಹೋದ ಕಂಪ್ರೆಶನ್ ಮರಳುತ್ತದೆ. ಪ್ಲಗ್ಗನ್ನು ಒರೆಸಿ ಒಣಗಿಸಿ ಹಾಕಿ, ಹೊಸದಿದ್ದರೆ ಇನ್ನೂ ಒಳ್ಳೆಯದು. ಫ್ಯೂಸ್, ಕನೆಕ್ಟರ್ ಸೇರಿಸಿ ಸ್ಟಾರ್ಟ್ ಮಾಡಿ. ಎದ್ದ ಕೂಡಲೇ ಬಿಳಿ ಹೊಗೆ ಕಟ್ಟಡವನ್ನೇ ಮುಚ್ಚುತ್ತದೆ. ಅಂದು ಮೂರನೇ ಮಹಡಿಯಿಂದ ಒಬ್ಬ ಅಜ್ಜಿ ಬೆಂಕಿ ಬಿತ್ತೆಂದು ಕೂಗಿಕೊಂಡರು. ಹಾಕಿದ ಎಣ್ಣೆ ಉರಿಯುವ ಹೊಗೆ ಅದು, ಐದು ನಿಮಿಷದಲ್ಲಿ ತಿಳಿಯಾಗುತ್ತದೆ. ಹೆದರಿ ಆಫ್ ಮಾಡಬೇಡಿ, ಪೂರ್ತಿ ಬಿಸಿಯಾಗಲಿ.

ಪ್ಲಗ್ಗು ಹಾಕುವಾಗ ಒಂದು ಎಚ್ಚರ. ಒಂದೊಂದು ರೋಟರಿಗೂ ಎರಡು ಪ್ಲಗ್ಗು. ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಎರಡರ ಹೀಟ್ ರೇಂಜ್ (ಬಿಸಿ ಹೊರಹಾಕುವ ಶಕ್ತಿ) ಬೇರೆ, ಎನ್‌ಜಿಕೆ ಕಂಪನಿಯ ಪ್ಲಗ್ಗಿನ ಮೇಲೆ ಕೆಳಗಿನದಕ್ಕೆ 7, ಮೇಲಿನದಕ್ಕೆ 9 ಎಂಬ ಅಂಕಿ ಇರುತ್ತದೆ. ನನ್ನ ಕೈಗೆ ಬಂದ ಒಂದು ಗಾಡಿಯಲ್ಲಿ ಹಿಂದಿನ ಗ್ಯಾರೇಜಿನವರು ನಾಲ್ಕಕ್ಕೂ ಒಂದೇ ನಂಬರಿನ ಪ್ಲಗ್ಗು ಹಾಕಿದ್ದರು. ಮಾಲೀಕರು ಒಂದು ವರ್ಷ ಪಿಕಪ್ ಇಲ್ಲವೆಂದು ಊರೆಲ್ಲ ತಿರುಗಿದ್ದರು.

ಆಯಿಲ್ ಕುಡಿಯುವುದು ಕಾಯಿಲೆಯಲ್ಲ

ಬೇರೆ ಗಾಡಿ ಆಯಿಲ್ ಉರಿಸಿದರೆ ಎಂಜಿನ್ ಮುಗಿಯಿತು ಅನ್ನುತ್ತೇವೆ. ಇದು ಆಯಿಲ್ ಉರಿಸಲೇಬೇಕು. ಎಂಜಿನ್ ತಳದ ಆಯಿಲ್ ಚೇಂಬರಿನಿಂದ ಅಳತೆ ಮಾಡಿ ಆಯಿಲ್ ತೆಗೆದು ಹೌಸಿಂಗಿನೊಳಗೆ ಬಿಡುವ ಪಂಪೇ ಇದೆ, ಅಪೆಕ್ಸ್ ಸೀಲ್ ಬದುಕುವುದು ಅದರಿಂದ. ಮೊದಲ ಮಾಡೆಲಿನಲ್ಲಿ ಒಂದು ರೋಟರಿಗೆ ಎರಡು ಕಡೆ ಆಯಿಲ್ ಬೀಳುತ್ತಿತ್ತು. 2008ರ ನಂತರದ ಎರಡನೇ ಸರಣಿಯಲ್ಲಿ ಮೂರು ಕಡೆ ಮಾಡಿದರು. ಅದೊಂದು ಕಾರಣಕ್ಕೇ, ಎರಡರಲ್ಲಿ ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದವರಿಗೆ ನಾನು ಎರಡನೆಯದು ಅನ್ನುತ್ತೇನೆ.

ಹಾಗಾಗಿ ಎರಡು ಸಲ ಪೆಟ್ರೋಲ್ ಹಾಕಿಸಿದಾಗ ಒಂದು ಸಲವಾದರೂ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ನೋಡಿ. ಎಂಜಿನ್ ಬಿಸಿಯಾಗಿ, ಸಮ ನೆಲದಲ್ಲಿ, ಆಫ್ ಮಾಡಿ ಐದು ನಿಮಿಷದ ಮೇಲೆ. ಮುಲುಂಡಿನ ಗಾಡಿ 2000 ಕಿ.ಮೀ.ಗೆ ಹತ್ತಿರ ಹತ್ತಿರ ಒಂದು ಲೀಟರ್ ಕುಡಿಯುತ್ತದೆ, ಡಿಕ್ಕಿಯಲ್ಲಿ ಸದಾ ಒಂದು ಡಬ್ಬ ಇರುತ್ತದೆ. ನಾನು 5ಡಬ್ಲ್ಯು-30 ದರ್ಜೆಯ ಆಯಿಲ್ ಹಾಕುತ್ತೇನೆ, 5000 ಕಿ.ಮೀ.ಗೆ ಬದಲಿಸುತ್ತೇನೆ. ಓಡಿಸಿದ್ದು ಕಡಿಮೆಯಿದ್ದರೆ ಆರು ತಿಂಗಳಿಗೆ. ಮೊದಲ ಸರಣಿಯ ಆಯಿಲ್ ಪ್ರೆಶರ್ ಮೀಟರನ್ನು ನಂಬಬೇಡಿ. ಅದು ಪ್ರೆಶರ್ ಅಳೆಯುವುದಿಲ್ಲ, ಇದೆಯೋ ಇಲ್ಲವೋ ಅಷ್ಟೇ ಹೇಳುತ್ತದೆ, ಮುಳ್ಳು ನಡುವೆ ಸುಮ್ಮನೆ ನಿಂತಿರುತ್ತದೆ.

ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಕಂಪನಿ ಹೇಳಿದ್ದಲ್ಲ, ಮಾಲೀಕರ ರೂಢಿ. ನಾನು ಬೆರೆಸುವವರ ಕಡೆ. ಲೀಟರಿಗೆ ಐದು ಎಂಎಲ್, ಅಂದರೆ 40 ಲೀಟರಿಗೆ 200 ಎಂಎಲ್. ಜಾಸೊ ಎಫ್‌ಡಿ (ಟೂ-ಸ್ಟ್ರೋಕ್ ಆಯಿಲಿನ ಜಪಾನಿ ದರ್ಜೆ) ಎಂದು ಬರೆದ ಒಳ್ಳೆಯ ಆಯಿಲ್ ಇರಲಿ. ಹೆಚ್ಚು ಹಾಕಿದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಒಳ್ಳೆಯದಲ್ಲ. ಪೆಟ್ರೋಲ್ ಆದಷ್ಟೂ 95 ಆಕ್ಟೇನಿನದು ಹಾಕಿಸಿ. ಈಗ ಬರುವ ಎಥೆನಾಲ್ ಬೆರೆತ ಪೆಟ್ರೋಲಿಗೆಂದು ಈ ಗಾಡಿ ಮಾಡಿದ್ದಲ್ಲ, ಆದ್ದರಿಂದ ವರ್ಷಕ್ಕೊಮ್ಮೆ ಪೆಟ್ರೋಲಿನ ರಬ್ಬರ್ ಹೋಸ್‌ಗಳನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ.

ಕಾಯಿಲ್ ಸೋತರೆ ಎಂಜಿನ್ ಸೋಲುತ್ತದೆ

ನಾಲ್ಕು ಪ್ಲಗ್ಗಿಗೆ ನಾಲ್ಕು ಕಾಯಿಲ್. ಎಂಜಿನ್ನಿನ ಬಿಸಿಯಲ್ಲೇ ಕೂತಿರುತ್ತವೆ, ಬೇಗ ಸೋಲುತ್ತವೆ. ಪೂರ್ತಿ ಸಾಯುವವರೆಗೆ ಕಾದರೆ ತಡವಾಯಿತು. ಕಿಡಿ ಕ್ಷೀಣಿಸಿದಾಗ ಉರಿಯದ ಪೆಟ್ರೋಲ್ ಸೈಲೆನ್ಸರಿನ ಕಡೆಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಅದರ ಒಳಗಿನ ಜೇನುಗೂಡು ಕರಗಿ ಕಟ್ಟಿಕೊಳ್ಳುತ್ತದೆ. ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ಬಿಸಿ ಎಂಜಿನ್ನಿಗೇ ಮರಳುತ್ತದೆ, ಕೊನೆಗೆ ಹೋಗುವುದು ಸೀಲು. ಒಂದು ಕಾಯಿಲಿನಿಂದ ಶುರುವಾಗಿ ಪೂರಾ ಎಂಜಿನ್‌ವರೆಗೆ ಹೋದದ್ದನ್ನು ಶಾರ್ಜಾದಲ್ಲಿ ಎಷ್ಟು ಸಲ ನೋಡಿದ್ದೇನೋ. ಕೊಳೆತ ಮೊಟ್ಟೆಯ ವಾಸನೆ, ಮೇಲಿನ ಆರ್‌ಪಿಎಂನಲ್ಲಿ ಉಸಿರುಗಟ್ಟಿದಂಥ ಓಟ, ತಳದಲ್ಲಿ ಗಲಗಲ ಸದ್ದು, ಇವು ಬಂದರೆ ಅಂದೇ ಬನ್ನಿ. ಕಾಯಿಲ್, ಪ್ಲಗ್ಗು, ವೈರ್ ಮೂರನ್ನೂ 50,000 ಕಿ.ಮೀ.ಗೆ ಒಟ್ಟಿಗೇ ಬದಲಿಸಿ, ಚೆನ್ನಾಗಿ ಓಡುತ್ತಿದ್ದರೂ. ಕುರ್ಲಾದಲ್ಲಿ ಸಿಗುವ ಹೆಸರಿಲ್ಲದ ಕಾಯಿಲ್ ಬೇಡ. ಹೊರಗಿನಿಂದ ಅಸಲಿ ತರಿಸಿ, ತಿಂಗಳು ಕಾಯಬೇಕಾದರೂ ಕಾಯಿರಿ.

ಬಿಸಿ, ಟ್ರಾಫಿಕ್ಕು

ಟೆಂಪರೇಚರ್ ಮುಳ್ಳು ಕೂಡ ಪೂರ್ತಿ ಸತ್ಯ ಹೇಳುವುದಿಲ್ಲ. ಬಿಸಿ ಸಾಕಷ್ಟು ಏರುವವರೆಗೂ ನಡುವಲ್ಲೇ ನಿಂತಿರುತ್ತದೆ, ಏಳುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಹೌಸಿಂಗ್ ಅಲ್ಯೂಮಿನಿಯಂ, ಅದರ ಎರಡು ಬದಿಯ ಪ್ಲೇಟು ಕಬ್ಬಿಣ, ನಡುವೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಹಿಡಿಯುವ ರಬ್ಬರ್ ಸೀಲ್. ಬಿಸಿಗೆ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ, ಕಬ್ಬಿಣ ಕಡಿಮೆ, ನಡುವಿನ ಸೀಲು ನಲುಗುತ್ತದೆ. ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಓಬಿಡಿ ರೀಡರ್ ತೆಗೆದುಕೊಂಡು ಫೋನಿನಲ್ಲಿ ನಿಜವಾದ ಡಿಗ್ರಿ ನೋಡುತ್ತಾ ಓಡಿಸಿ. ಸಾಯನ್ ಸರ್ಕಲ್ಲಿನಲ್ಲಿ ಮೇ ತಿಂಗಳ ಮಧ್ಯಾಹ್ನ ಸಿಕ್ಕಿಕೊಂಡಾಗ 100 ದಾಟಿದರೆ ಏಸಿ ಆಫ್ ಮಾಡಿ. 110 ಮುಟ್ಟುವ ಮೊದಲೇ ಬದಿಗೆ ನಿಲ್ಲಿಸಿ.

ತಳದ ಪ್ಲಾಸ್ಟಿಕ್ ತಟ್ಟೆ ಸ್ಪೀಡ್‌ಬ್ರೇಕರಿಗೆ ತಾಗಿ ಒಡೆಯುತ್ತದೆ. ಮೆಕ್ಯಾನಿಕ್ ಅದನ್ನು ಬಿಚ್ಚಿ ಮೂಲೆಗೆಸೆಯುತ್ತಾನೆ. ಬಿಡಬೇಡಿ. ರೇಡಿಯೇಟರಿಗೆ ಗಾಳಿ ತಿರುಗಿಸುವುದು ಅದೇ ತಟ್ಟೆ.

ಚೆನ್ನಾಗಿ ಬಿಸಿಯಾದ ಮೇಲೆ ಎಂಜಿನ್ನನ್ನು ಮೇಲಕ್ಕೆ ಓಡಿಸಿ. ಯಾವಾಗಲೂ 3000ದ ಒಳಗೇ ಇಟ್ಟರೆ ಒಳಗೆ ಕಾರ್ಬನ್ ಕಟ್ಟಿ ಸೀಲುಗಳು ಜಾಗದಲ್ಲೇ ಅಂಟಿಕೊಳ್ಳುತ್ತವೆ. ಇದಕ್ಕೆ ಕಾನೂನು ಮುರಿಯುವ ಅಗತ್ಯವಿಲ್ಲ. ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ, ಘಾಟ್ ಬಿಟ್ಟು ಉಳಿದ ಕಡೆ, ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ. ಆರು ಗೇರಿನ ಗಾಡಿ ಎರಡನೇ ಗೇರಿನಲ್ಲಿ 8000 ಮುಟ್ಟುವಾಗ ಅದಕ್ಕಿಂತ ಸ್ವಲ್ಪ ಕೆಳಗೇ ಇರುತ್ತದೆ. ಭಾನುವಾರ ಬೆಳಗ್ಗೆ ಆರಕ್ಕೆ ಕಳಂಬೋಲಿ ದಾಟಿ, ಮುಂದೆ ಹಿಂದೆ ಯಾರೂ ಇಲ್ಲದ್ದು ನೋಡಿ, ನಾಲ್ಕೈದು ಸಲ ಹಾಗೆ ಏರಿಸಿ ಇಳಿಸಿ.

ಬಾಗಿಲು

ನಾಲ್ಕು ಬಾಗಿಲಿದೆ ಎಂದು ಮನೆಯವರನ್ನು ಒಪ್ಪಿಸಿ ಕೊಳ್ಳುವವರೇ ಹೆಚ್ಚು. ಹಿಂದಿನ ಬಾಗಿಲ ಹಿಂಜ್ ಹಿಂಬದಿಗಿದೆ, ಮುಂದಿನದು ತೆರೆಯದೆ ಹಿಂದಿನದು ತೆರೆಯುವುದಿಲ್ಲ. ನಡುವೆ ಕಂಬವೂ ಇಲ್ಲ. ಅಕ್ಕಪಕ್ಕ ಗಾಡಿಗಳಿರುವ ಇಕ್ಕಟ್ಟಿನ ಜಾಗದಲ್ಲಿ ಎರಡೂ ತೆರೆದರೆ ಹಿಂದೆ ಕೂತವರು ಇಳಿಯಲು ದಾರಿಯೇ ಇರುವುದಿಲ್ಲ. ಅವರನ್ನು ಗೇಟಿನ ಹತ್ತಿರವೇ ಇಳಿಸಿ ಆಮೇಲೆ ಪಾರ್ಕ್ ಮಾಡಿ. ಹಾಕುವಾಗ ಹಿಂದಿನದು ಮೊದಲು, ಮುಂದಿನದು ಆಮೇಲೆ. ಮಕ್ಕಳ ಬೆರಳು ನೋಡಿಕೊಳ್ಳಿ.

ಕೊಳ್ಳುವ ಮೊದಲು

ಕಂಪ್ರೆಶನ್ ನೋಡದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಮಾಮೂಲಿ ಗೇಜು ಒಂದು ರೋಟರಿನ ಮೂರು ಮುಖಗಳಲ್ಲಿ ಹೆಚ್ಚಿನದ್ದನ್ನು ಮಾತ್ರ ತೋರಿಸಿ ಮೋಸಮಾಡುತ್ತದೆ. ರೋಟರಿಗೆಂದೇ ಬೇರೆ ಟೆಸ್ಟರ್ ಇದೆ, ಮೂರನ್ನೂ ಬೇರೆ ಬೇರೆ ಹೇಳುತ್ತದೆ. 250 ಆರ್‌ಪಿಎಂಗೆ ಲೆಕ್ಕ ಹಾಕಿದಾಗ ಹೊಸ ಎಂಜಿನ್ನಿಗೆ 830 ಕಿಲೋಪಾಸ್ಕಲ್, 680ಕ್ಕಿಂತ ಕೆಳಗಿದ್ದರೆ ಎಂಜಿನ್ ಬಿಚ್ಚುವ ಕಾಲ ಬಂದಿದೆ. ಆ ಟೆಸ್ಟರ್ ಸಿಗದಿದ್ದರೆ ಮಾಮೂಲಿ ಗೇಜಿನ ಒಳಗಿನ ಸಣ್ಣ ವಾಲ್ವ್ ತೆಗೆದು ಹಾಕಿ, ಸೆಲ್ಫ್ ಹೊಡೆದಾಗ ಮುಳ್ಳು ಮೂರು ಸಮನಾದ ಜಿಗಿತ ಜಿಗಿಯಬೇಕು. ಕಿವಿಗೂ ಗೊತ್ತಾಗುತ್ತದೆ. ಪ್ಲಗ್ಗು ತೆಗೆದು ಕೇಳಿದರೆ ಫಸ್, ಫಸ್, ಫಸ್ ಎಂದು ತಾಳ ಬೀಳುತ್ತದೆ. ಒಂದು ಬಡಿತ ಸಡಿಲವಾಗಿ ಕೇಳಿದರೆ ಒಂದು ಸೀಲು ಹೋಗಿದೆ.

ಯಾವ ಉಪಕರಣವೂ ಇಲ್ಲದವರಿಗೆ ಇನ್ನೊಂದು ಪರೀಕ್ಷೆ. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಒಂದು ಕಟಿಂಗ್ ಚಾ ಕುಡಿದು ಬಂದು ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಿದ್ದಾಗ ಎಳೆದೆಳೆದು ಏಳುವ ಗಾಡಿಯ ಕಂಪ್ರೆಶನ್ ಹೋಗಿದೆ. ಸೆಲ್ಫ್ ಮೋಟರ್ ಹೊಸದಾಗಿ ಹೊಳೆಯುತ್ತಿದ್ದರೆ ಯಾಕೆ ಹಾಕಿಸಿದಿರಿ ಎಂದು ಕೇಳಿ. ವೇಗದ ಸೆಲ್ಫ್ ಹಾಕಿ ಸೋತ ಎಂಜಿನ್ನನ್ನು ಎಬ್ಬಿಸಿ ಮಾರುವುದುಂಟು. ಕಸ್ಟಮ್ಸ್ ಕಾಗದ, ಆರ್‌ಸಿ, ಗಾಡಿಯ ಮೇಲಿನ ಚಾಸಿ ನಂಬರ್ ಮೂರೂ ಅಕ್ಷರಕ್ಕಕ್ಷರ ಹೊಂದಬೇಕು. ಒಂದು ಅಂಕಿ ತಪ್ಪಿದ್ದರೂ ವ್ಯವಹಾರ ಬಿಡಿ.

ಊರಿಗೆ ಹೋಗುವಾಗ

ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಹೊರಡುತ್ತೇವೆ, ಗಾಡಿ ಒಂದು ತಿಂಗಳು ನಿಲ್ಲುತ್ತದೆ. ಹೊರಡುವ ದಿನ ಅದನ್ನು ಅರ್ಧ ಗಂಟೆ ಚೆನ್ನಾಗಿ ಓಡಿಸಿ ಬಿಸಿ ಮಾಡಿ ನಿಲ್ಲಿಸಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಯಾರ ದಾರಿಗೂ ಅಡ್ಡವಾಗದ ಗೋಡೆ ಪಕ್ಕದ ಜಾಗವನ್ನು ಆ ತಿಂಗಳಿಗೆ ಸೆಕ್ರೆಟರಿ ಹತ್ತಿರ ಕೇಳಿ ಪಡೆಯಿರಿ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿಡು ಎಂದು ವಾಚ್‌ಮನ್‌ಗೆ ಕೀ ಕೊಟ್ಟು ಹೋಗುವವರಿದ್ದಾರೆ. ಮುಲುಂಡಿನ ಹುಡುಗನ ಅಪ್ಪ ಹೋದ ವರ್ಷ ಹಾಗೇ ಮಾಡಿದ್ದರು. ಈ ಸಲ ಅವರ ಕೀ ನನ್ನ ಗ್ಯಾರೇಜಿನ ಮೊಳೆಯಲ್ಲಿ ನೇತಾಡುತ್ತಿದೆ.